ಗ್ರೋವ್ ನಮ್ಮೂರಿಗೆ ಬಂದಿದ್ದರೆ?

ಸಂಜೆ ನಂತೂರು ಸರ್ಕಲಿನಲ್ಲಿ ಬಸ್ಸಿಗೆ ಕಾಯುವಾಗ ನಮಗೆ ಎರಡೇ ಕೆಲಸ. ಟ್ರಾಫಿಕ್ಕಿಗೆ ಬೈಯುವುದು, ವಾಟ್ಸಾಪ್ ನೋಡುವುದು. ಕಳೆದ ವಾರ ಹೀಗೆ ನಿಂತಿದ್ದಾಗ ಬ್ಯಾಚಿನ ಗ್ರೂಪಿಗೆ ಆಂಡಿ ಗ್ರೋವ್ ಕಥೆ ಬಂತು. ಹಂಗೇರಿಯ ಯಹೂದಿ ಹುಡುಗ. ಬಾಲ್ಯದಲ್ಲಿ ನಾಜಿಗಳಿಂದ ಅಡಗಿ ಉಳಿದವನು, 1956ರ ದಂಗೆಯ ನಂತರ ಗಡಿ ದಾಟಿ ಆಸ್ಟ್ರಿಯಾಕ್ಕೆ ಓಡಿದವನು. ಅಮೆರಿಕ ಸೇರಿ ಕೆಮಿಕಲ್ ಎಂಜಿನಿಯರ್ ಆದ, 1968ರಲ್ಲಿ ಇಂಟೆಲ್ ಸೇರಿದ, 1987ರಲ್ಲಿ ಅದರ ಸಿಇಒ, 1997ರಲ್ಲಿ ನಿರ್ದೇಶಕ ಮಂಡಳಿಯ ಅಧ್ಯಕ್ಷ. ಕೊನೆಗೆ ಮಾಮೂಲಿ ಸಾಲು: ಛಲ ಇದ್ದವನಿಗೆ ಯಾವುದೂ ಅಡ್ಡಿಯಲ್ಲ.

ನಾವೆಲ್ಲ ಥಂಬ್ಸ್ ಅಪ್ ಒತ್ತಿದೆವು. ಪಕ್ಕದಲ್ಲಿದ್ದ ಸುಳ್ಯ ಕಡೆಯ ಗೆಳೆಯ ಮಾತ್ರ ಕೇಳಿದ: "ಅಲ್ಲ ಮಾರಾಯ, ಅವ ನಮ್ಮೂರಿಗೆ ಬಂದಿದ್ರೆ ಎಂತ ಆಗ್ತಿತ್ತು?"

ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಗ್ರೋವ್ ಕಥೆಯನ್ನೇ ಮತ್ತೆ ನೋಡಿದೆವು. ಉಳಿಯಲು ನ್ಯೂಯಾರ್ಕಿನಲ್ಲಿ ಬಂಧುಗಳ ಮನೆ ಇತ್ತು. ನಿರಾಶ್ರಿತರ ನೆರವಿನ ಸಂಸ್ಥೆಯೊಂದು ಕೈ ಹಿಡಿದಿತ್ತು. ಓದಿದ ಸಿಟಿ ಕಾಲೇಜಿನಲ್ಲಿ ಆಗ ಬೋಧನಾ ಶುಲ್ಕವೇ ಇರಲಿಲ್ಲ. ಫಾರ್ವರ್ಡ್ ಮಾಡಿದವರು ಇದನ್ನೆಲ್ಲ ಬಿಟ್ಟಿದ್ದರು.

ಇನ್ನು ನಮ್ಮ ರಾಜ್ಯ. ಹಿಟ್ಲರನ ಕಾಲದಲ್ಲಿ ಕೆಲಸ ಕಳಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಅವರನ್ನು ಕಾಯಂ ಮಾಡಿಕೊಳ್ಳಬೇಕೆಂದು ನಿರ್ದೇಶಕ ಸಿ.ವಿ. ರಾಮನ್ ಹಟ ಹಿಡಿದರು. ಆದರೆ ಸಭೆಯಲ್ಲಿ ಇಂಗ್ಲೆಂಡಿನಿಂದ ಬಂದಿದ್ದ ಎಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಸ್ವಂತ ದೇಶವೇ ಹೊರಹಾಕಿದ ಎರಡನೇ ದರ್ಜೆಯವರು ನಮಗೆ ಸಾಲದು ಎಂಬರ್ಥದಲ್ಲಿ ಮಾತಾಡಿದರು. ಅಂದು ಮನೆಗೆ ಹೋಗಿ ಅತ್ತದ್ದನ್ನು ಬಾರ್ನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ಆ 'ಎರಡನೇ ದರ್ಜೆ'ಯವರಿಗೆ ನೊಬೆಲ್ ಬಂತು.

ಅದೇ ಬಾರ್ನ್ ಅವರ ತಂಗಿಯ ಮಗ ಓಟ್ಟೊ ಕೋನಿಗ್ಸ್‌ಬರ್ಗರ್. ಅವರೂ ಬರ್ಲಿನ್ ಬಿಟ್ಟು ಈಜಿಪ್ಟಿಗೆ ಹೋದವರು. 1939ರಲ್ಲಿ ಮೈಸೂರು ಸರ್ಕಾರ ಅವರನ್ನು ವಾಸ್ತುಶಿಲ್ಪಿಯಾಗಿ ಕರೆಸಿಕೊಂಡಿತು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ, ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗದ ಕಟ್ಟಡ ಅವರದ್ದೇ. ಜೆಮ್ಶೆಡ್‌ಪುರಕ್ಕೂ ಭುವನೇಶ್ವರಕ್ಕೂ ನಗರ ಯೋಜನೆ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ, ದೇಶ ವಿಭಜನೆಯ ನಿರಾಶ್ರಿತರಿಗೆ ಮನೆ ಕಟ್ಟಿಸುವ ಹೊಣೆ ಹೊತ್ತರು. ಎಲ್ಲವೂ ಗೆದ್ದಿತು ಅಂತಲ್ಲ, ದೆಹಲಿಯ ಸಿದ್ಧಮನೆ ಕಾರ್ಖಾನೆ ಸೋತಿತು. 1951ರಲ್ಲಿ ಅವರು ಲಂಡನ್ನಿಗೆ ಹೋದರು. ಆದರೂ ಬಿಸಿಲು-ಮಳೆಯ ನಾಡಿನಲ್ಲಿ ಕಟ್ಟಡ ಹೇಗಿರಬೇಕು ಎಂದು ಅವರು ಬರೆದ ಪುಸ್ತಕ ಇವತ್ತಿಗೂ ಪಠ್ಯ.

ಮಾವ, ಅಳಿಯ ಇಬ್ಬರೂ ಪ್ರತಿಭಾವಂತರು. ಓಡಿಬಂದ ಕಾರಣವೂ ಒಂದೇ. ಒಬ್ಬರಿಗೆ ಇಲ್ಲಿ ಕುರ್ಚಿ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ. ಇದರಲ್ಲಿ ಛಲದ ಲೆಕ್ಕ ಎಲ್ಲಿ ಬಂತು?

ಈಗ ನಮ್ಮ ಜಿಲ್ಲೆಗೆ ಬನ್ನಿ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಲ್ಲಿ ಸಿಲೋನಿನ 5.25 ಲಕ್ಷ ಭಾರತ ಮೂಲದ ತಮಿಳರನ್ನು ಭಾರತಕ್ಕೆ ಕಳಿಸುವುದೆಂದಾಯಿತು. ಅವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಕಾನೂನಿನ ಪ್ರಕಾರ ಅವರು ನಿರಾಶ್ರಿತರಲ್ಲ, 'ಹಿಂತಿರುಗಿದವರು'. ಆದರೆ ಅಲ್ಲೇ ಹುಟ್ಟಿ ಬೆಳೆದವರು ಹಿಂತಿರುಗುವುದು ಎಲ್ಲಿಗೆ? ಜಾತಿ ಪ್ರಮಾಣಪತ್ರ ಸಿಗದೆ ಮಕ್ಕಳ ಓದಿಗೆ ತೊಂದರೆಯಾಗುತ್ತಿದೆ ಎಂಬ ದೂರು ಅಲ್ಲಿಂದ ಎಷ್ಟೋ ವರ್ಷಗಳಿಂದ ಬರುತ್ತಿದೆ.

ಆವತ್ತು ಪ್ರಶ್ನೆ ಕೇಳಿದ ಗೆಳೆಯನ ಅಜ್ಜಿ ಅಲ್ಲೇ ರಬ್ಬರ್ ಟ್ಯಾಪಿಂಗ್ ಮಾಡಿದವರು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇವೆ. ಸಿಇಟಿ ಸಮಯಕ್ಕೆ ಅವನ ಪ್ರಮಾಣಪತ್ರ ಬರಲಿಲ್ಲ, ಪೂರ್ತಿ ಫೀಸಿಗೆ ಅಜ್ಜಿಯ ಬಳೆ ಅಡವಿಗೆ ಹೋಯಿತು. ಗಣಿತದಲ್ಲಿ ಅವನಿಗಿಂತ ಜೋರಿದ್ದ ಅಕ್ಕ ಪಿಯುಸಿಗೇ ನಿಲ್ಲಿಸಿ ಗೇರುಬೀಜ ಫ್ಯಾಕ್ಟರಿಗೆ ಹೋಗುತ್ತಾಳೆ. ಅವನ ಜೊತೆ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ನಮಗೆ ಇದು ಗೊತ್ತೇ ಇರಲಿಲ್ಲ. ಗ್ರೋವ್ ಹುಟ್ಟಿದ ವರ್ಷ ಗೊತ್ತಿತ್ತು!

"ಹಾಗಾದ್ರೆ ಕಷ್ಟಪಟ್ಟು ಓದುವುದಕ್ಕೆ ಬೆಲೆಯೇ ಇಲ್ವಾ?" ಅಂತ ನೀವು ಕೇಳಬಹುದು. ಉಂಟು. ಆದರೆ ಕಷ್ಟಪಡಲು ಒಂದು ಸೀಟು ಬೇಕಲ್ಲ?

ಪ್ರಮಾಣಪತ್ರ ತಡವಾದವರಿಗೆ ತಾತ್ಕಾಲಿಕ ಪ್ರವೇಶ ಕೊಡಿ, ಫೀಸಿಗೆ ಸಮಯ ಕೊಡಿ ಎಂದು ನಮ್ಮ ಕಾಲೇಜನ್ನು ಕೇಳುತ್ತೇವೆ. ಸರ್ಕಾರದ ನಿಯಮ ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಅರ್ಜಿ ತುಂಬಿಸುವುದು ಕೈಯಲ್ಲಿದೆ. ಈ ಸಲ ಸಿಇಟಿಗೆ ಮೊದಲು ಕನ್ನಡ ಸಂಘದಿಂದ ಎರಡು ಭಾನುವಾರ ಸುಳ್ಯದ ಆ ಕಾಲನಿಗೆ ಹೋಗುತ್ತಿದ್ದೇವೆ. ತಮಿಳು ಬಲ್ಲವರು ಬಂದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ 7 ಗಂಟೆಗೆ ನಂತೂರಿನಲ್ಲಿ ಸಿಗೋಣ. ಗೆಳೆಯನ ಅಕ್ಕನೂ ಅಲ್ಲಿರುತ್ತಾಳೆ. ಡಿಪ್ಲೊಮಾ ಅರ್ಜಿ ಬಗ್ಗೆ ಕೇಳಲಿಕ್ಕೆ ಉಂಟಂತೆ.