ಒಂದು ಗೇಣಿನ ಚಂದ್ರ

ಮಣ್ಣೆತ್ತಿನ ಅಮವಾಸ್ಯೆಗೆ ರಜೆ ಹಾಕಿ ನವಲಗುಂದ ಹತ್ತಿರದ ಅಕ್ಕನ ಊರಿಗೆ ಹೋಗಿದ್ದೆ. ಹಿಂದಿನ ದಿನ ಸಂಜೆ ಅಕ್ಕನ ಮಗ ಎರೆಮಣ್ಣು ಕಲಸಿಕೊಂಡು ಕಟ್ಟೆ ಮೇಲೆ ಕೂತಿದ್ದ. ಎರಡು ಎತ್ತು, ಮುಂದೊಂದು ಗ್ವಾದಲಿ. ಎಂಟನೇ ಕ್ಲಾಸಿನ ಹುಡುಗ, ಕೈ ಮಾತ್ರ ಕುಂಬಾರಂದು.

‘ನಾಳೆ ಅಮವಾಸಿ. ಚಂದ್ರ ಯಾಕ ಕಾಣಂಗಿಲ್ಲ ಹೇಳು’ ಅಂದೆ.

‘ಭೂಮಿ ನೆರಳು ಬೀಳತೈತಿ ಮಾಮಾ.’

ಚಂದ್ರನ ಕಲೆಗಳ ಚಿತ್ರಕ್ಕೆ ಇವನಿಗೆ ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ಬಂದಿತ್ತು. ಕೊಟ್ಟವಳು ಅವನ ವಿಜ್ಞಾನ ಟೀಚರ್, ಅಂದರೆ ನನ್ನ ಅಕ್ಕ!

ಉಳಿದ ಮಣ್ಣಲ್ಲಿ ನಿಂಬೆಹಣ್ಣಿನಷ್ಟು ಭೂಮಿ, ಕಡಲೆಕಾಳಿನಷ್ಟು ಚಂದ್ರ ಮಾಡಿಸಿದೆ. ಮೊಬೈಲ್ ಟಾರ್ಚೇ ಸೂರ್ಯ. ಹುಡುಗ ಚಂದ್ರನನ್ನು ಭೂಮಿಯ ಹಿಂದೆ, ನೆರಳಲ್ಲಿ ಇಟ್ಟ. ‘ಹಂಗಾರ ಕಾರಹುಣ್ಣಿಮಿ ದಿನ ಎಲ್ಲಿದ್ದ?’ ಅಂತ ಕೇಳಿದೆ. ಭೂಮಿಯ ಪಕ್ಕ ಕಣ್ಣಿಟ್ಟು ಆ ಕಡೆ, ಈ ಕಡೆ ಇಟ್ಟು ನೋಡಿದ. ನಾನೇನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಚಂದ್ರನನ್ನು ಎತ್ತಿ ಟಾರ್ಚ್ ಮತ್ತು ಭೂಮಿಯ ನಡುವೆ ತಂದ. ‘ಬೆಳಕು ಆ ಕಡೆ ಮಾರಿಗೆ ಬೀಳತೈತಿ, ಈ ಕಡೆ ಕತ್ತಲಾ!’

ನಾನು ಬೀಗುವಷ್ಟರಲ್ಲಿ ಅವನ ಪ್ರಶ್ನೆ ಬಂತು. ‘ಮಾಮಾ, ಹಂಗಾರ ಹುಣ್ಣಿಮಿಗೊಮ್ಮೆ ಚಂದ್ರ ನೆರಳಾಗ ಬಂದು ಗ್ರಹಣ ಆಗಬೇಕಲ್ಲ?’

ಇಂಜಿನಿಯರಿಂಗ್ ಡಿಗ್ರಿ ಇರುವ ಮಾಮಾ ಸುಮ್ಮನಾದ. ಯಾಕೆಂದರೆ ‘ಇಲ್ಲಿಡು’ ಅಂತ ಒಂದು ಗೇಣು ದೂರ ತೋರಿಸಿದ್ದು ನಾನೇ. ಪುಸ್ತಕದ ಚಿತ್ರದಲ್ಲಿ ಅಷ್ಟೇ ಇರುತ್ತೆ ನೋಡಿ. ನಿಜವಾದ ದೂರ ಸುಮಾರು 3,84,000 ಕಿ.ಮೀ., ಅಂದರೆ 30 ಭೂಮಿ ಸಾಲಾಗಿ ಇಟ್ಟಷ್ಟು. ನಮ್ಮ ಭೂಮಿ 4 ಸೆಂ.ಮೀ., ಹಾಗಾಗಿ ಚಂದ್ರ 120 ಸೆಂ.ಮೀ. ಆಚೆ, ಕಟ್ಟೆಯ ಕೊನೆಗೆ ಹೋಯ್ತು. ಅವನ ದಾರಿ 5 ಡಿಗ್ರಿ ವಾರೆ ಬೇರೆ. ಅಷ್ಟು ದೂರದಲ್ಲಿ 5 ಡಿಗ್ರಿ ಅಂದರೆ 10 ಸೆಂ.ಮೀ. ಮೇಲೆ ಅಥವಾ ಕೆಳಗೆ. ಕಾಳಿನಂಥ ಚಂದ್ರ ನೆರಳು ತಪ್ಪಿಸಿಕೊಂಡು ಆರಾಮಾಗಿ ಹೋಗ್ತಾನೆ.

1987ರಲ್ಲಿ ಅಮೆರಿಕದಲ್ಲಿ ‘ಎ ಪ್ರೈವೇಟ್ ಯೂನಿವರ್ಸ್’ ಅಂತ ಒಂದು ಸಾಕ್ಷ್ಯಚಿತ್ರ ಬಂತು. ಬೇಸಿಗೆ, ಚಳಿಗಾಲ ಯಾಕಾಗುತ್ತೆ ಅಂತ ಕೇಳಿದರೆ ಹಾರ್ವರ್ಡ್ ಪದವೀಧರರೂ ಅದರಲ್ಲಿ ಎಡವಿದ್ದರು. ನನಗೆ ಅಷ್ಟೇ ಸಮಾಧಾನ. ಆಫೀಸಲ್ಲೂ ಮೀಟಿಂಗಿನಲ್ಲಿ ಎಲ್ಲರಿಗೂ ‘ಅರ್ಥ ಆಯ್ತು’, ಡೆಮೊ ದಿನ ಗೊತ್ತಾಗೋದು ಯಾರಿಗೆ ಏನು ಅರ್ಥ ಆಗಿತ್ತು ಅಂತ.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡ್ತಿದ್ದಳು. ‘ಚಿತ್ರ ಬರೋಬ್ಬರಿ ತಗದಿದ್ದ, ಮಾರ್ಕ್ಸ್ ಕೊಟ್ಟೆ’ ಅಂದಳು. ಆಮೇಲೆ ಸ್ವಲ್ಪ ಸಿಟ್ಟಿನಿಂದ, ‘ಒಬ್ಬೊಬ್ಬರ ಕೈಲೆ ಹಿಂಗ ಮಾಡಿಸ್ಕೋತ ಕುಂತರ ಪೋರ್ಷನ್ ಯಾರು ಮುಗಸ್ತಾರ ತಮ್ಮಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೋರ್ಷನ್ ಮುಗಿಸಬೇಕಾದವಳು ಅವಳು, ನಾನು ಎರಡು ದಿನದ ನೆಂಟ.

ಬೆಂಗಳೂರಿಗೆ ವಾಪಸ್ ಬಂದ ವಾರಕ್ಕೆ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಕ್ಲಾಸ್‌ರೂಮಿನ ನೆಲದ ಮೇಲೆ ಸಾಲು ಸಾಲು ಮಣ್ಣಿನ ಉಂಡೆ. ಕೆಳಗೆ ಅಕ್ಕನ ವಾಯ್ಸ್ ಮೆಸೇಜ್: ‘ಎಲ್ಲಾರೂ ಒಂದ ಗೇಣಿಗೇ ಇಟ್ಟಾರ ನೋಡು. ನಿನ್ನಂಗ ಇಂಜಿನಿಯರ್ ಆಗ್ತಾರ ಬಿಡು.’