ಜೀಪಿಗೆ ಆ ಐದು ಇಂಚು ಬೇಕಿತ್ತಾ?

ಮೊನ್ನೆ ಆಫೀಸಿನಲ್ಲಿ ನನ್ನ ಟೀಮಿನ ಹುಡುಗನೊಬ್ಬ ಮೊಬೈಲ್ ತಂದು ಮುಖದ ಮುಂದೆ ಹಿಡಿದ. ಪರದೆ ತುಂಬಾ ಒಂದು ಹಳೇ ಜೀಪು. ಸೊಂಟದ ಹತ್ತಿರ ಬರೋ ಟೈರು, ಅದರ ಮೇಲೆ ಅಟ್ಟ ಕಟ್ಟಿದ ಹಾಗೆ ಕೂತ ಬಾಡಿ. "ಗುರೂ, ಒಂದು ಎಂಎಂ 540 ಸಿಕ್ಕಿದೆ. ಹೀಗೆ ಎತ್ತರ ಮಾಡಿಸ್ಬೇಕು ಅಂತಿದೀನಿ. ನಿಮ್ಮನೇಲೂ ಇದೆಯಲ್ಲಾ, ಏನಂತೀಯ?" ಅಂದ. ಮೀಟಿಂಗಿಗೆ ಹೊತ್ತಾಗಿತ್ತು. "ಬೇಡ ಮಾರಾಯ" ಅಂತ ಒಂದೇ ಮಾತು ಹೇಳಿ ಎದ್ದು ಹೋದೆ. ಪಾಪ, ಅವನ ಮುಖ ಸಪ್ಪಗಾಯ್ತು. ಕಾರಣ ಹೇಳದೆ ಬೇಡ ಅನ್ನೋದು ಸರಿಯಲ್ಲ. ಆ ಕಾರಣ ಇಲ್ಲಿದೆ, ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ :)

ನನ್ನ ಊರು ಸಕಲೇಶಪುರದ ಕಡೆ. ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರು. ನಮ್ಮ ಕಡೆಯ ಅರ್ಧ ಹುಡುಗರ ಹಣೆಬರಹ ಇದೇ ಬಿಡಿ. ಮನೇಲಿ ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಎಂಎಂ 540 ಇದೆ. 2.1 ಲೀಟರಿನ ಪ್ಯೂಜೋ ಡೀಸೆಲ್ ಇಂಜಿನ್ನು, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ಲು, ನಾಲ್ಕೂ ಚಕ್ರಕ್ಕೆ ಪಟ್ಟಿ ಸ್ಪ್ರಿಂಗು. 1947ರಲ್ಲಿ ಮಹೀಂದ್ರಾದವರು ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದರಲ್ಲ, ಆ ವಂಶದ ಕುಡಿ. ಕಾಫಿ ಚೀಲ, ಗೊಬ್ಬರ, ಮೆಣಸು ಎಲ್ಲಾ ಹೊರುತ್ತೆ. ಅದಕ್ಕಿಂತ ಮುಖ್ಯ ಅಂದ್ರೆ ಮಳೆಗಾಲದಲ್ಲಿ ನಮ್ಮ ಲೈನ್ ಮನೆಗಳಿಗೆ ಅದೇ ಆಂಬುಲೆನ್ಸು. ಹೆರಿಗೆ ನೋವು ಬಂದ ಹೆಂಗಸರನ್ನ ರಾತ್ರೋರಾತ್ರಿ ಟಾರ್ ರೋಡಿಗೆ ಮುಟ್ಟಿಸಿದ ಗಾಡಿ ಅದು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೂರು ವರ್ಷದ ಹಿಂದೆ ನನಗೂ ಆ ಹುಡುಗನ ಹುಚ್ಚೇ ಹಿಡಿದಿತ್ತು. ರಾತ್ರಿ ಹನ್ನೆರಡರವರೆಗೆ ವೀಡಿಯೋ ನೋಡೋದು, ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ತಲೆ ತಿನ್ನೋದು. ಕೊನೆಗೆ ಅಪ್ಪ "ನಿನ್ನ ದುಡ್ಡು, ನಿನ್ನಿಷ್ಟ" ಅಂದರು. ಬೆಂಗಳೂರಿನ ಒಂದು ಗ್ಯಾರೇಜಿಗೆ ಗಾಡಿ ತಂದು ಬಿಟ್ಟೆ. ಮಾಡಿಸಿದ್ದು ಇಷ್ಟು. ಕಂಪನಿಯಿಂದ ಬರುವಾಗ ಈ ಜೀಪುಗಳಲ್ಲಿ ಪಟ್ಟಿ ಸ್ಪ್ರಿಂಗು ಆಕ್ಸಲ್ಲಿನ ಕೆಳಗೆ ಇರುತ್ತೆ. ಅದನ್ನ ಬಿಚ್ಚಿ ಆಕ್ಸಲ್ಲಿನ ಮೇಲೆ ಕೂರಿಸೋದು. ಆಕ್ಸಲ್ ಕೊಳವೆಯ ದಪ್ಪ, ಜೊತೆಗೆ ಪಟ್ಟಿಗಳ ದಪ್ಪ, ಎರಡೂ ಸೇರಿ ಗಾಡಿ ಸುಮಾರು 5 ಇಂಚು ಮೇಲೆದ್ದು ಬಿಡುತ್ತೆ. ಹೊಸ ಸ್ಪ್ರಿಂಗೂ ಬೇಡ. ಆಕ್ಸಲ್ ಮೇಲೆ ನಾಲ್ಕು ಸೀಟು ವೆಲ್ಡ್ ಮಾಡಿ, ಯು ಬೋಲ್ಟ್ ತಿರುಗಿಸಿ ಹಾಕಿದರೆ ಮುಗೀತು. ಜೊತೆಗೆ 28 ಇಂಚಿನ ಟೈರು ಹೋಗಿ 31 ಇಂಚಿನದು ಬಂತು. ಊರಿಗೆ ಓಡಿಸಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡ್ತಿದ್ರು. ಸುಳ್ಳು ಯಾಕೆ ಹೇಳಲಿ, ಖುಷಿಯಾಗಿತ್ತು.

ಅಂಗಳದಲ್ಲಿ ನಿಲ್ಲಿಸಿದಾಗ ಅಪ್ಪ ಒಂದು ಸುತ್ತು ಹಾಕಿ ನೋಡಿ ಒಂದೇ ಮಾತು ಕೇಳಿದರು. "ಜೀಪು ಎತ್ತರ ಆಯ್ತು, ಸರಿ. ನಮ್ಮ ರೋಡು ಅಗಲ ಆಯ್ತೇನೋ?"

ಆಗ ನಕ್ಕಿದ್ದೆ. ಈಗ ಅದರ ಲೆಕ್ಕ ಹಾಕಿ ತೋರಿಸ್ತೀನಿ. ಗಾಡಿ ಪಕ್ಕಕ್ಕೆ ಮಗುಚುತ್ತೋ ಇಲ್ವೋ ಅನ್ನೋದು ಮುಖ್ಯವಾಗಿ ಎರಡು ಅಳತೆ ಮೇಲೆ ನಿಂತಿದೆ. ಎಡ ಬಲ ಚಕ್ರಗಳ ನಡುವಿನ ಅಗಲ, ಮತ್ತೆ ಗಾಡಿಯ ಭಾರಕೇಂದ್ರದ ಎತ್ತರ. ಅಗಲವನ್ನ ಎತ್ತರದ ಎರಡರಷ್ಟರಿಂದ ಭಾಗಿಸಿ. ಬರೋ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೇದು. ಹಳೇ ಜೀಪಿನ ಚಕ್ರಗಳ ಅಗಲ ಸುಮಾರು 48 ಇಂಚು. ಭಾರಕೇಂದ್ರ 26 ಇಂಚಿನಲ್ಲಿದೆ ಅಂತ ಇಟ್ಟುಕೊಳ್ಳಿ, ಉತ್ತರ 0.92. ಲಿಫ್ಟ್ ಮಾಡಿದಾಗ ಆಕ್ಸಲ್ಲು, ಚಕ್ರ ಕೆಳಗೇ ಉಳಿಯೋದರಿಂದ ಭಾರಕೇಂದ್ರ ಪೂರ್ತಿ 5 ಇಂಚು ಏರಲ್ಲ, 4 ಅಂತ ಹಿಡಿಯೋಣ. ಈಗ ಉತ್ತರ 0.80. ಅಂದ್ರೆ ಶೇಕಡಾ 13ರಷ್ಟು ಭದ್ರತೆ ಕೈಬಿಟ್ಟು ಹೋಯ್ತು. ಟೈರು ದೊಡ್ಡದಾದದ್ದನ್ನ ಇನ್ನೂ ಸೇರಿಸಿಲ್ಲ! ಒಂದು ಕಡೆ ಧರೆ, ಇನ್ನೊಂದು ಕಡೆ ಕೊರಕಲು ಇರೋ ತೋಟದ ದಾರಿಯಲ್ಲಿ ಆ ಶೇಕಡಾ 13 ಅಂದ್ರೆ ಸಣ್ಣ ವಿಷಯ ಅಲ್ಲ.

ಸರಿ, ಕಲ್ಲು ತಾಗಬಾರದು ಅಂತ ತಾನೇ ಎತ್ತರ ಮಾಡೋದು ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲೇ ಇರೋದು ದೊಡ್ಡ ತಮಾಷೆ. ಗಟ್ಟಿ ಆಕ್ಸಲ್ಲಿನ ಗಾಡಿಯಲ್ಲಿ ನೆಲಕ್ಕೆ ಹತ್ತಿರ ಇರೋದು ಡಿಫರೆನ್ಷಿಯಲ್ಲಿನ ಗುಂಡು. ಅದು ಆಕ್ಸಲ್ಲಿನ ಜೊತೆಗೇ ಇರುತ್ತೆ, ಆಕ್ಸಲ್ಲು ಚಕ್ರದ ಜೊತೆಗೆ. ಸ್ಪ್ರಿಂಗನ್ನ ಮೇಲಿಡಿ ಕೆಳಗಿಡಿ, ಆ ಗುಂಡು ಒಂದು ನೂಲಿನಷ್ಟೂ ಮೇಲೇಳಲ್ಲ! ಅದನ್ನ ಏರಿಸೋದು ಟೈರು ಮಾತ್ರ. 28ರಿಂದ 31ಕ್ಕೆ ಹೋದರೆ ಸಿಗೋದು ವ್ಯತ್ಯಾಸದ ಅರ್ಧ, ಒಂದೂವರೆ ಇಂಚು. ಅದರ ಜೊತೆ ಆಕ್ಸಲ್ಲಿನ ಕೆಳಗಿದ್ದ ಪಟ್ಟಿ ಮೇಲೆ ಹೋಗಿ ಅಲ್ಲೊಂದಿಷ್ಟು ಜಾಗ, ಹೊಟ್ಟೆ ಕೆಳಗೊಂದಿಷ್ಟು ಜಾಗ. ಅದಕ್ಕೆ ನಾನು ಕೊಟ್ಟ ಬೆಲೆ ಕೇಳಿ.

ದೊಡ್ಡ ಟೈರು ಅಂದ್ರೆ ಇಂಜಿನ್ನಿಗೆ ಉದ್ದದ ಸನ್ನೆ. ಚಕ್ರ ಶೇಕಡಾ 10.7 ದೊಡ್ಡದಾದ್ರೆ ಎಳೆಯೋ ಬಲ ಅದಕ್ಕೆ ತಕ್ಕ ಹಾಗೆ ಕುಗ್ಗುತ್ತೆ. ಡಿಫರೆನ್ಷಿಯಲ್ ಹಲ್ಲಿನ ಅನುಪಾತ 5.38 ಇರೋ ಗಾಡಿ 4.86 ಇರೋ ಗಾಡಿಯ ಹಾಗೆ ಏದುಸಿರು ಬಿಡುತ್ತೆ. ಮೀಟರು 40 ತೋರಿಸುವಾಗ ನಿಜಕ್ಕೂ 44ರಲ್ಲಿ ಹೋಗ್ತಿರ್ತೀವಿ. ಬ್ರೇಕ್ ಡ್ರಮ್ಮು ಮಾತ್ರ ಅದೇ ಹಳೇದು, ಹೆಚ್ಚಿನ ಕೆಲಸ ಮಾಡಬೇಕು. ಗಾಡಿ ಮೇಲೆದ್ದಿದ್ದಕ್ಕೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಕ್ರಾಸುಗಳು ಬೇಗ ಸವೆಯೋಕೆ ಶುರು. ಬ್ರೇಕಿನ ರಬ್ಬರ್ ಪೈಪು ಚಕ್ರ ಕೆಳಗೆ ಇಳಿದಾಗ ತಂತಿ ಥರ ಬಿಗಿಯಾಗ್ತಿತ್ತು. ಸ್ಟೇರಿಂಗಿನ ಡ್ರ್ಯಾಗ್ ಲಿಂಕು ಮೊದಲು ಹೆಚ್ಚು ಕಮ್ಮಿ ಅಡ್ಡಕ್ಕೆ ಮಲಗಿತ್ತು, ಈಗ ಇಳಿಜಾರಿನ ಹಾಗೆ. ಹಾಗಾದಾಗ ಸ್ಪ್ರಿಂಗು ಕುಣಿದಾಗಲೆಲ್ಲ ಚಕ್ರ ತಾನಾಗಿ ತಿರುಗುತ್ತೆ.

ಇನ್ನೊಂದಿದೆ. ಸ್ಪ್ರಿಂಗು ಆಕ್ಸಲ್ಲಿನ ಮೇಲೆ ಕೂತಾಗ ಚಕ್ರ ನೆಲವನ್ನ ಹಿಡಿಯೋ ಜಾಗಕ್ಕೂ ಸ್ಪ್ರಿಂಗಿಗೂ ದೂರ ಜಾಸ್ತಿ ಆಗುತ್ತೆ. ಜೋರಾಗಿ ಬ್ರೇಕ್ ಹಾಕಿದರೆ, ಇಲ್ಲಾ ಲೋ ಗೇರಲ್ಲಿ ಎಳೆದರೆ ಆಕ್ಸಲ್ಲು ತನ್ನ ಸುತ್ತ ತಿರುಚಿಕೊಳ್ಳೋಕೆ ನೋಡುತ್ತೆ, ಪಟ್ಟಿಗಳು ಹಾವಿನ ಹಾಗೆ ಡೊಂಕಾಗ್ತವೆ. ತಿಳಿದವರು ಇದನ್ನ ತಡೆಯೋಕೆ ಬೇರೆ ಒಂದು ತೋಳು ಕೂರಿಸ್ತಾರೆ, ಸ್ಟೇರಿಂಗ್ ತೋಳನ್ನೂ ಬದಲಾಯಿಸ್ತಾರೆ. ನನ್ನ ಗಾಡಿಗೆ ಎರಡೂ ಆಗಿರಲಿಲ್ಲ. ಗ್ಯಾರೇಜಿನವರು ಹೇಳಲಿಲ್ಲ, ಡಿಗ್ರಿ ಇಟ್ಟುಕೊಂಡ ನಾನು ಕೇಳಲೂ ಇಲ್ಲ. ತಪ್ಪು ನಂದೇ.

ಆ ವರ್ಷ ಜುಲೈ ಮಳೆಯಲ್ಲಿ ಲೈನ್ ಮನೆಯ ಒಬ್ಬ ಅಜ್ಜಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಹಿಂದೆ ಆಗಿದ್ರೆ ಹಿಂಬದಿಯಿಂದ ಸುಲಭವಾಗಿ ಕೂರಿಸಿಬಿಡ್ತಿದ್ವಿ. ಈ ಸಲ ಅಷ್ಟೆತ್ತರಕ್ಕೆ ಎತ್ತೋಕೆ ನಾಲ್ಕು ಜನ ಬೇಕಾಯ್ತು. ಅಜ್ಜಿ ನೋವಿಗೆ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಇಳಿಜಾರಿನ ಎರಡನೇ ತಿರುವಲ್ಲಿ ಎದುರಿಗೆ ದನ ಬಂತು ಅಂತ ಅಪ್ಪ ಬ್ರೇಕ್ ಒತ್ತಿದರು. ಸ್ಟೇರಿಂಗು ಎಡಕ್ಕೆ ಎಳೀತು, ಗಾಡಿ ಧರೆ ಬದಿಯ ಚರಂಡಿಗೆ ಇಳಿದು ವಾಲಿ ನಿಂತಿತು. ಯಾರಿಗೂ ಹೆಚ್ಚಿನ ಪೆಟ್ಟಾಗಲಿಲ್ಲ. ಆದರೆ ಅದು ಬಲಕ್ಕೆ ಎಳೆದಿದ್ದರೆ? ಬಲಕ್ಕೆ ಇದ್ದದ್ದು ಕೊರಕಲು. ಪಕ್ಕದ ತೋಟದ ಪಿಕಪ್ಪು ಬಂದು ಅಜ್ಜಿಯನ್ನ ಆಸ್ಪತ್ರೆಗೆ ಸೇರಿಸ್ತು. ಅಪ್ಪ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾವು ಕೋಡ್ ಬರೆಯೋರಿಗೆ ಇದು ಗೊತ್ತಿರೋ ಪಾಠ. ಹಳೇ ಸಿಸ್ಟಮ್ಮಿನಲ್ಲಿ ಯಾವುದೋ ಒಂದು ಫಂಕ್ಷನ್ ಪೆದ್ದುಪೆದ್ದಾಗಿ ಕಾಣುತ್ತೆ, ಬದಲಾಯಿಸ್ತೀವಿ, ಸಂಬಂಧವೇ ಇಲ್ಲದ ಹತ್ತು ಕಡೆ ಒಡೆಯುತ್ತೆ. ಸ್ಪ್ರಿಂಗು ಕೆಳಗಿದ್ದದ್ದು ಯಾರೋ ಮರೆತು ಇಟ್ಟಿದ್ದಲ್ಲ. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಪಟ್ಟಿ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿದರು, ನಿಜ. ಆದರೆ ಚಾಸಿಸ್ಸು, ಸ್ಟೇರಿಂಗು, ಬ್ರೇಕು ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಹೊಸದಾಗಿ ಮಾಡಿದರು. ನಾವು ಬದಲಾಯಿಸೋದು ಒಂದೇ ಒಂದನ್ನ.

ಇನ್ನು ಕಾನೂನಿನ ಮಾತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯ ರಚನೆ ಬದಲಾಯಿಸೋ ಹಾಗಿಲ್ಲ ಅಂತ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಹದಿನೈದು ವರ್ಷ ದಾಟಿದ ಗಾಡಿಯನ್ನ ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ಒಯ್ಯಬೇಕು, ಅದೂ ನೆನಪಿರಲಿ.

ನನ್ನ ಕಥೆ ಕೇಳಿದ ಮೇಲೆ ನಾನು ಈ ಕಾನೂನಿಗೆ ಜೈ ಅಂತೀನಿ ಅಂದುಕೊಂಡಿರಾ? ಪೂರ್ತಿ ಇಲ್ಲ. ಜರ್ಮನಿಯಲ್ಲಿ ಗಾಡಿಗೆ ಬದಲಾವಣೆ ಮಾಡಿದರೆ ಪರೀಕ್ಷಕರು ನೋಡಿ, ಸರಿಯಿದ್ದರೆ ದಾಖಲೆಯಲ್ಲಿ ಬರೆದುಕೊಡ್ತಾರೆ. ಆಸ್ಟ್ರೇಲಿಯಾದಲ್ಲಿ ಇಂಥ ಬದಲಾವಣೆ ಹೇಗಿರಬೇಕು ಅಂತ ಒಂದು ಸಂಹಿತೆಯೇ ಇದೆ, ದೊಡ್ಡ ಲಿಫ್ಟಿಗೆ ಇಂಜಿನಿಯರ್ ಸರ್ಟಿಫಿಕೇಟು ಬೇಕು. ನಮ್ಮಲ್ಲಿ ಅಂಥ ಬಾಗಿಲೇ ಇಲ್ಲ. ಅದರ ಪರಿಣಾಮ ಏನು? ಯಾರೂ ನಿಲ್ಲಿಸಲ್ಲ, ಎಲ್ಲರೂ ಕದ್ದು ಮಾಡಿಸ್ತಾರೆ. ಕದ್ದು ಮಾಡಿಸಿದ ಕೆಲಸವನ್ನ ಯಾರೂ ಪರೀಕ್ಷೆ ಮಾಡಲ್ಲ. ನನ್ನ ಡ್ರ್ಯಾಗ್ ಲಿಂಕನ್ನ ಒಬ್ಬ ಪರೀಕ್ಷಕ ಐದು ನಿಮಿಷ ನೋಡಿದ್ದರೆ ಗಾಡಿ ರೋಡಿಗೆ ಇಳೀತಾನೇ ಇರಲಿಲ್ಲ. ಬೇಡ ಅನ್ನೋ ಕಾನೂನಿಗಿಂತ ತೋರಿಸು ಅನ್ನೋ ಕಾನೂನು ಜೀವ ಉಳಿಸುತ್ತೆ ಅನ್ನೋದು ನನ್ನ ಅನಿಸಿಕೆ.

ಅಲ್ಲಿವರೆಗೆ ಹಳೇ ಜೀಪಿದ್ದವರು ಏನು ಮಾಡಬೇಕು? ಊರಿನ ಮೇಸ್ತ್ರಿ ಎಲ್ಲಾ ಬಿಚ್ಚಿ ಹಳೇ ಸ್ಥಿತಿಗೆ ತಂದುಕೊಡುವಾಗ ಹೇಳಿದ್ದನ್ನೇ ಹೇಳ್ತೀನಿ. ಮೊದಲು ಇದ್ದದ್ದನ್ನ ಸರಿ ಮಾಡಿ. ಸತ್ತ ಪಟ್ಟಿಗಳನ್ನ ಬಿಚ್ಚಿ ಮತ್ತೆ ಕಮಾನು ಕೊಡಿಸಿ, ತುಂಡಾದದ್ದನ್ನ ಬದಲಾಯಿಸಿ. ಶಾಕಲ್ ಬುಷ್ಷು, ಪಿನ್ನು, ಶಾಕ್ ಅಬ್ಸಾರ್ಬರ್ ಹೊಸದು ಹಾಕಿ. ಕಿಂಗ್ ಪಿನ್ ಬೇರಿಂಗು, ಬ್ರೇಕು ನೋಡಿಸಿ. ಕಂಪನಿ ಅಳತೆಯ ಒಳ್ಳೆ ಕಚ್ಚಿನ ಟೈರು ಹಾಕಿ. ಕೆಸರಿಗೆ ಇಳಿಯುವಾಗ ಗಾಳಿ ಸ್ವಲ್ಪ ಇಳಿಸಿ, ಟಾರ್ ರೋಡಿಗೆ ಬಂದ ಕೂಡಲೇ ತುಂಬಿಸಿ. ಇಷ್ಟು ಮಾಡಿದ ಮೇಲೆ ನಮ್ಮ ಜೀಪು ಕುಗ್ಗಿದ್ದ ಪಟ್ಟಿಯಿಂದ ಒಂದಿಂಚಿನಷ್ಟು ತಾನಾಗೇ ಎದ್ದು ನಿಂತಿತು! ಹಾಗೂ ಹೂತುಕೊಂಡರೆ ಅದು ಎತ್ತರ ಸಾಲದೆ ಅಲ್ಲ. ಒಂದು ಚಕ್ರ ಗಾಳಿಯಲ್ಲಿ ತಿರುಗಿದರೆ ಸಾಮಾನ್ಯ ಡಿಫರೆನ್ಷಿಯಲ್ಲು ಇನ್ನೊಂದು ಚಕ್ರಕ್ಕೂ ಬಲ ಕೊಡಲ್ಲ, ಅದಕ್ಕೆ. ಆ ರೋಗಕ್ಕೆ ಐದು ಇಂಚಿನ ಔಷಧಿ ಕೆಲಸ ಮಾಡಲ್ಲ.

ರಸ್ತೆಗೇ ಬಿಡದೆ, ಬೇಲಿಯೊಳಗಿನ ಸ್ಪರ್ಧೆಗೆಂದೇ ಗಾಡಿ ಕಟ್ಟೋರ ಬಗ್ಗೆ ನನ್ನ ತಕರಾರಿಲ್ಲ. ಅವರ ಕೆಲಸ ನೋಡೋಕೆ ನನಗೆ ಇವತ್ತಿಗೂ ಇಷ್ಟ. ಆದರೆ ಬೇರೆಯವರನ್ನ ಕೂರಿಸಿಕೊಂಡು ಹೋಗೋ ಗಾಡಿ ಬರೀ ನಮ್ಮದಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಆ ಅಜ್ಜಿ ಸಂತೆಗೆ ಹೊರಟಿದ್ದರು. ಕೋಲು ಒಳಗಿಟ್ಟು, ಹಿಂದಿನ ಕಂಬಿ ಹಿಡಿದು, ಒಬ್ಬರೇ ಜೀಪು ಹತ್ತಿ ಕೂತರು. ನನ್ನ ನೋಡಿ, "ಈಗ ಗಾಡಿ ಸಮ ಆಯ್ತು ನೋಡಿ ಸಣ್ಣಗೌಡ್ರೆ" ಅಂದರು.

ಸೋಮವಾರ ಆ ಹುಡುಗನಿಗೆ ಇದನ್ನೇ ಓದಿಸ್ತೀನಿ. ನಿಮ್ಮ ಮನೆಯಲ್ಲೂ ಹಳೇ ಜೀಪಿದೆಯಾ? ಏನು ಮಾಡಿದ್ರಿ, ಏನು ಅನುಭವ ಆಯ್ತು, ಬರೀರಿ. ನನ್ನ ಲೆಕ್ಕದಲ್ಲಿ ತಪ್ಪಿದ್ರೆ ಬೈಯಿರಿ, ತಿದ್ದಿಕೊಳ್ತೀನಿ :)