ಜಾಣರಿಗೆ ಮಾತ್ರವೇ?



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ "ಎಲ್ಲ ಸೌಲಭ್ಯವೂ ಜಾಣರಿಗೇ ಸಿಗಬೇಕು, ಮಾರ್ಕ್ಸ್ ಒಂದನ್ನೇ ನೋಡಬೇಕು" ಎಂದು ಬರೆದಿದ್ದರು. ಅಕ್ಷರ ದುಂಡಗಿತ್ತು, ಎಲ್ಲರೂ ಹೊಗಳಿದರು. ನನಗೆ ಮಾತ್ರ ಆ ಮಾತು ಅರ್ಧ ಸರಿ ಅನ್ನಿಸಿತು.

ಭದ್ರಾವತಿಯ ನ್ಯೂ ಟೌನ್ ನೀವೆಲ್ಲ ನೋಡಿದ್ದೀರಿ. ಕಬ್ಬಿಣದ ಕಾರ್ಖಾನೆಯಿಂದ ಆದ ಊರು ಅದು. ಕಾರ್ಖಾನೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅವರು ಬಡತನದಲ್ಲಿ ಮನೆಪಾಠ ಹೇಳಿಕೊಟ್ಟು ಕಾಲೇಜು ಓದಿದರು ಅಂತ ಭಾಷಣ ಸ್ಪರ್ಧೆಯಲ್ಲಿ ಹೇಳಿ ನಾವು ಚಪ್ಪಾಳೆ ತಗೊಳ್ತೀವಿ. ಆದರೆ ಅವರು ದಿವಾನಗಿರಿ ಯಾಕೆ ಬಿಟ್ಟರು ಅಂತ ಯಾರೂ ಹೇಳಲ್ಲ.

ಆಗ ಮೈಸೂರು ಸರ್ಕಾರದ ಕೆಲಸಗಳಲ್ಲಿ ಹೆಚ್ಚಿನವು ಬ್ರಾಹ್ಮಣರಿಗೇ ಸಿಗುತ್ತಿದ್ದವು. ಬೇರೆ ಜಾತಿಯವರು ನಮಗೂ ಪಾಲು ಕೊಡಿ ಎಂದು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. ಕೆಲಸಕ್ಕೆ ಅರ್ಹತೆಯನ್ನೇ ನೋಡಬೇಕು, ಹಿಂದುಳಿದವರಿಗೆ ವಿದ್ಯೆ ಕೊಟ್ಟರೆ ಅವರೂ ಬರುತ್ತಾರೆ ಎಂಬುದು ದಿವಾನರ ಅಭಿಪ್ರಾಯ. ಮಹಾರಾಜರು ಒಪ್ಪಲಿಲ್ಲ, ದಿವಾನರು ಹುದ್ದೆ ಬಿಟ್ಟರು. ಏಳು ವರ್ಷದೊಳಗೆ ಮೇಲಿನ ಕೆಲಸಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಇತರರಿಗೆ ಸಿಗಬೇಕೆಂದು ಸಮಿತಿ 1919ರಲ್ಲಿ ಹೇಳಿತು.

ವಿಶ್ವೇಶ್ವರಯ್ಯನವರ ಮೇಲೆ ನನಗೆ ಗೌರವವಿದೆ, ಯಾರೂ ತಪ್ಪು ತಿಳಿಯಬಾರದು. ಆದರೆ ಒಂದು ಯೋಚಿಸಿ. ಅವರ ಮನೆಯಲ್ಲಿ ದುಡ್ಡಿರಲಿಲ್ಲ, ನಿಜ. ತಂದೆ ಮಾತ್ರ ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ಪುಸ್ತಕವಿತ್ತು, ಓದು ಅನ್ನುವವರಿದ್ದರು. ಅದೇ ಕಾಲದಲ್ಲಿ ಎಷ್ಟೋ ಮಕ್ಕಳನ್ನು ಜಾತಿಯ ಕಾರಣಕ್ಕೆ ಶಾಲೆಯೊಳಗೇ ಬಿಡುತ್ತಿರಲಿಲ್ಲ. ಅವರ ಅರ್ಹತೆಯನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಈಗಲೂ ನೋಡಿ. ಗಾಜನೂರಿನ ನವೋದಯ ಶಾಲೆಗೆ ಐದನೇ ಕ್ಲಾಸಿನಲ್ಲಿ ಪರೀಕ್ಷೆ. ಹಳ್ಳಿ ಮಕ್ಕಳಿಗೆ ನೂರಕ್ಕೆ 75 ಸೀಟು ಇಟ್ಟಿದ್ದಾರೆ, ಒಳ್ಳೇದೇ. ಆದರೆ ಹಳ್ಳಿಯಲ್ಲೂ ಎಲ್ಲರೂ ಒಂದೇನಾ? ದುಡ್ಡಿರುವವರು ಪೇಟೆಯಲ್ಲಿ ಕೋಚಿಂಗ್ ಕೊಡಿಸ್ತಾರೆ. ಅಡಿಕೆ ಸುಲಿಯಲು ಹೋಗುವವರ ಮಕ್ಕಳು ತಮ್ಮನನ್ನು ಎತ್ತಿಕೊಂಡೇ ಮಗ್ಗಿ ಬಾಯಿಪಾಠ ಮಾಡಬೇಕು. ರಿಸಲ್ಟ್ ಬಂದಾಗ "ಇವನು ಜಾಣ, ಅವಳು ದಡ್ಡಿ" ಅಂತಾರೆ!

"ಹಾಗಾದ್ರೆ ಓದದೇ ಇದ್ದವರ ಹತ್ರ ಆಪರೇಷನ್ ಮಾಡಿಸ್ಕೋತೀಯಾ?" ಅಂತ ನನ್ನ ಗೆಳತಿ ಕೇಳಿದಳು. ಇಲ್ಲಪ್ಪ! ಡಾಕ್ಟರು ಕಲಿತವರೇ ಆಗಿರಬೇಕು. ಕಲಿಯೋ ಅವಕಾಶ ಯಾರಿಗೆ ಸಿಕ್ಕಿತು ಅನ್ನೋದು ನನ್ನ ಪ್ರಶ್ನೆ. ಇನ್ನೊಂದು, ಮಾರ್ಕ್ಸ್ ಕಮ್ಮಿ ಬಂದವರಿಗೆ ಮರ್ಯಾದೆಯೂ ಕಮ್ಮಿ ಯಾಕೆ? ನಮ್ಮ ಕ್ಲಾಸಿನಲ್ಲಿ ರ‍್ಯಾಂಕಿನ ಪ್ರಕಾರ ಕೂರಿಸ್ತಾರೆ. ಹಿಂದಿನ ಬೆಂಚಿಗೆ ಬೋರ್ಡೇ ಸರಿಯಾಗಿ ಕಾಣಲ್ಲ. ಕಾಣದೆ ಮಾರ್ಕ್ಸ್ ಹೇಗೆ ಬರುತ್ತೆ?

ಗುರುಗಳು ಕೋಪ ಮಾಡಿಕೊಳ್ಳದಿದ್ದರೆ ಎರಡು ವಿನಂತಿ. ಪ್ರತಿ ಸೋಮವಾರ ಬೆಂಚು ಬದಲಾಯಿಸಿ. ಎಂಟನೇ ಕ್ಲಾಸಿನಲ್ಲಿ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಇದೆ, ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ. ಅದರ ವಿಶೇಷ ತರಗತಿಯನ್ನು ಸಂಜೆ ಐದು ಗಂಟೆಯ ಬದಲು ಮಧ್ಯಾಹ್ನದ ಊಟವಾದ ಮೇಲೆ ಇಟ್ಟರೆ, ಸಂಜೆ ದನ ಹೊಡೆದುಕೊಂಡು ಬರಲು ಹೋಗುವ ನಾವು ಆರು ಜನ ಹುಡುಗಿಯರೂ ಕೂರಬಹುದು.

— 7ನೇ ತರಗತಿಯ ವಿದ್ಯಾರ್ಥಿನಿ